ಗದಗಿನ ಮನೆಯೊಳಗ ಕಡಲಕುದುರೆ ಬದುಕ್ತಾವೇನು?

ಬಸ್ಸಿನ್ಯಾಗ ಇದ್ರ ಇಯರ್‌ಫೋನ್ ಹಾಕ್ಕೋರಿ.

ಇವತ್ತಿನ ವಿಷಯ ನಾನು ಆರಿಸಿದ್ದಲ್ಲ. ಮುಂಡರಗಿ ಕಡೆಯ ಒಬ್ಬ ಕೇಳುಗ, ಇನ್ನೂ ಡಿಗ್ರಿ ಓದ್ತಿರೋ ಹುಡುಗ, ವಾಯ್ಸ್ ಮೆಸೇಜ್ ಕಳಿಸಿದ್ದ. "ಅಕ್ಕಾ, ರೀಲ್ಸ್‌ನ್ಯಾಗ ಕಡಲಕುದುರೆ ಸಾಕಿದ ಟ್ಯಾಂಕ್ ನೋಡಿದೆ. ತಲಿ ಕೆಟ್ಟು ಹೋತು. ಒಬ್ಬಾಂವ ಜೋಡಿ ಕೊಡ್ತೀನಿ ಅಂತಾನ, ಅರ್ಧ ರೊಕ್ಕ ಮೊದಲು ಹಾಕು ಅಂತಾನ. ನಮ್ಮ ಊರಾಗ ಬದುಕ್ತಾವೇನು? ಏನೇನು ಬೇಕು ಹೇಳು."

ತಮ್ಮಾ, ಮೊದಲು ಆ ರೊಕ್ಕ ಹಾಕೋದು ನಿಲ್ಲಸು. ಉಳಿದದ್ದು ಆಮೇಲೆ ಮಾತಾಡೋಣ.

ಯಾಕಂದ್ರ ಕಡಲಕುದುರೆ ನಮ್ಮ ದೇಶದಲ್ಲಿ ಗೋಲ್ಡ್‌ಫಿಶ್ ಹಂಗ ಕೊಂಡು ತರೋ ಮೀನಲ್ಲ. ಹೌದು, ಅದು ಮೀನೇ. ಮುಖ ಕುದುರೆದು, ಬಾಲ ಮಂಗ್ಯಾಂದು, ಹೊಟ್ಟೆಚೀಲ ಕಾಂಗರೂದು, ಆದ್ರೂ ಮೀನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ಕ್ಕೆ 2001ರಲ್ಲಿ ಕಡಲಕುದುರೆಗಳ ಇಡೀ ಕುಟುಂಬವನ್ನು ಸೇರಿಸಿದರು. ಹುಲಿ, ನವಿಲು, ನಮ್ಮ ಹೊಲಕ್ಕೆ ಬರೋ ಚಿಗರಿ ಇದ್ದ ಪಟ್ಟಿ ಅದು. ಚಿಗರಿ ಮರಿ ಹಿಡಿದು ತಂದು ಹಿತ್ತಲದಾಗ ಕಟ್ಟಿದ್ರ ಅರಣ್ಯ ಇಲಾಖೆಯವರು ಬಂದು ಏನು ಮಾಡ್ತಾರ ಅಂತ ಕಪ್ಪತಗುಡ್ಡದ ಸುತ್ತಿನ ಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ಕಡಲಕುದುರೆ ವಿಷಯದಲ್ಲೂ ಅಷ್ಟೇ: ಹಿಡಿಯೋದು, ಮಾರೋದು, ಪರವಾನಗಿ ಇಲ್ಲದೆ ಇಟ್ಟುಕೊಳ್ಳೋದು, ಎಲ್ಲಾ ಅಪರಾಧ. ಮೂರು ವರ್ಷ ಜೈಲು ಅನ್ನೋದು ಇಲ್ಲಿ ಬರೀ ಬೆದರಿಕೆ ಮಾತಲ್ಲ. ದೇಶದ ಹೊರಗೂ 2004ರಿಂದ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಎಲ್ಲಾ ಜಾತಿಯ ಕಡಲಕುದುರೆಗಳ ವ್ಯಾಪಾರಕ್ಕೆ ಲಗಾಮು ಇದೆ.

"ಇದು ಸಮುದ್ರದ್ದಲ್ಲ, ಫಾರ್ಮ್‌ನಾಗ ಹುಟ್ಟಿದ್ದು" ಅಂತಾನಂತೆ ಮಾರೋನು. ಫಾರ್ಮ್ ಇರೋದು ಸುಳ್ಳಲ್ಲ. ಹವಾಯಿಯ ಕೋನಾದಲ್ಲಿ 1998ರಿಂದ ಒಂದು ಕಡಲಕುದುರೆ ಫಾರ್ಮ್ ನಡೆದಿದೆ. ಆದ್ರ ಅಲ್ಲಿಂದ ಇಲ್ಲಿಗೆ ಒಂದು ಜೀವ ಬರಬೇಕಾದ್ರ ಅದರ ಜೊತೆ ಕಾಗದಗಳ ಒಂದು ಕಟ್ಟೇ ಬರಬೇಕು. ರಫ್ತು ಪರವಾನಗಿ, ಆಮದು ಪರವಾನಗಿ, ವನ್ಯಜೀವಿ ಅಧಿಕಾರಿಗಳ ಒಪ್ಪಿಗೆ. ನಾನು ಬಿ.ಕಾಂ. ಓದಿದವಳು, ನನಗೆ ಮೀನಿಗಿಂತ ಮೊದಲು ಬಿಲ್ ಕಾಣ್ತದ. ಜಿಎಸ್‌ಟಿ ಬಿಲ್ ಕೂಡ ಕೊಡದವನು ಸೈಟಿಸ್ ಪರ್ಮಿಟ್ ಕೊಡ್ತಾನೇನು? ಇನ್ನೊಂದು ಮಾತು. ನೀ ರೊಕ್ಕ ಹಾಕಿದ ಮೇಲೆ ಅಂವ ಫೋನ್ ಎತ್ತೋದು ಬಿಟ್ಟ ಅಂತ ಇಟ್ಕೋ. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ ಏನಂತ ಹೇಳ್ತೀ? "ಸರ್, ನಾನು ಕೊಳ್ಳಬಾರದ್ದನ್ನ ಕೊಳ್ಳಾಕ ಹೋಗಿ ಮೋಸ ಹೋದೆ" ಅಂತನಾ? ಇಂಥ ಮಾರಾಟಗಾರರು ನಂಬಿರೋದೇ ನಿನ್ನ ಈ ಮೌನವನ್ನ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದ್ರ "ಕಾನೂನು ಬಿಡಕ್ಕಾ, ಬದುಕ್ತಾವೋ ಇಲ್ಲೋ ಹೇಳು" ಅಂತ ಇನ್ನಿಬ್ಬರು ಕೇಳೇ ಕೇಳ್ತಾರ. ಹಂಗಾಗಿ ಇವತ್ತು ಒಂದು ಟ್ಯಾಂಕನ್ನು ಕಾಗದದ ಮೇಲೆ ಕಟ್ಟೋಣ. ಉಪ್ಪುನೀರಿನ ಅಕ್ವೇರಿಯಂ ಕಟ್ಟೋದಕ್ಕೆ ಯಾವ ತಡೆನೂ ಇಲ್ಲ. ಅದರೊಳಗೆ ಯಾರು ಇರಬೇಕು ಅನ್ನೋದಷ್ಟೇ ಪ್ರಶ್ನೆ.

ಕಡಲಕುದುರೆ ಈಜೋದರಲ್ಲಿ ಬಹಳ ಹಿಂದೆ. ನಿಂತಂತೆ ಈಜ್ತದ, ಬೆನ್ನಿನ ಮೇಲಿನ ಒಂದು ಸಣ್ಣ ರೆಕ್ಕೆಯನ್ನ ಸೆಕೆಂಡಿಗೆ 35 ಸಲದಷ್ಟು ಬಡಿದು ಒಂಚೂರು ಮುಂದೆ ಹೋಗ್ತದ. ಸುಸ್ತಾದ್ರ ಬಾಲದಿಂದ ಏನನ್ನಾದ್ರೂ ಸುತ್ತಿ ಹಿಡ್ಕೊಂಡು ನಿಲ್ತದ. ಅದಕ್ಕೇ ಉದ್ದ ಟ್ಯಾಂಕಿಗಿಂತ ಎತ್ತರದ ಟ್ಯಾಂಕ್ ಬೇಕು, ಹಿಡಿಯಾಕ ಕಡ್ಡಿಯಂಥ ಆಸರೆ ಬೇಕು, ನೀರಿನ ಸೆಳೆತ ಮೆತ್ತಗಿರಬೇಕು. 60 ಸೆಂಟಿಮೀಟರ್ ಉದ್ದ, 45 ಅಗಲ, 60 ಎತ್ತರ ಅಂತ ಇಟ್ಟರೆ 162 ಲೀಟರ್ ಆಗ್ತದ. ಮೇಲೆ ಸ್ವಲ್ಪ ಖಾಲಿ ಬಿಟ್ಟು 150 ಲೀಟರ್ ನೀರು ಅನ್ನೋಣ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ 200 ಕೆಜಿ ದಾಟ್ತದ. ಹಳೇ ಮಾಳಿಗಿ ಮನೆಯವರು ಇದನ್ನ ಅಟ್ಟದ ಮೇಲೆ ಇಡೋ ವಿಚಾರ ಮಾಡಬ್ಯಾಡ್ರಿ, ಕೆಳಗ ಅಜ್ಜಿ ಮಲಗಿರ್ತಾಳ.

ಈಗ ನೀರು. ನಮ್ಮ ಭಾಗದ ನಿಜವಾದ ಕತಿ ಇಲ್ಲಿ ಶುರುವಾಗ್ತದ.

ನಳ ಯಾವಾಗ ಬರ್ತದ ಅಂತ ಕಾಯೋ ಊರು ನಮ್ಮದು. ಹಮ್ಮಿಗಿಯಿಂದ ತುಂಗಭದ್ರೆ ನೀರು ಗದಗ-ಬೆಟಗೇರಿಗೆ ಬರೋದು, ಅದು ಬಂದ ದಿನ ಓಣಿಯೆಲ್ಲಾ ಡ್ರಮ್ ಹಿಡ್ಕೊಂಡು ನಿಲ್ಲೋದು ನಿಮಗೆ ಗೊತ್ತು. ಆ ನೀರಿನಲ್ಲಿ ಕ್ಲೋರಿನ್ ಇರ್ತದ. ಬೋರ್ ನೀರಾದ್ರ ಗಡಸು, ಮುಂಡರಗಿ ತಾಲೂಕಿನ ಎಷ್ಟೋ ಹಳ್ಳಿಯಲ್ಲಿ ಫ್ಲೋರೈಡ್ ಬೇರೆ. ಕಡಲಿನ ನೀರು ಮಾಡಬೇಕಾದ್ರ ಮೊದಲು ಏನೂ ಇಲ್ಲದ ನೀರು ಬೇಕು. ಆರ್‌ಒ ಮಾಡಿ, ಅದರ ಮೇಲೆ ಡಿಐ ಅನ್ನೋ ಇನ್ನೊಂದು ಸೋಸುವಿಕೆ ಮಾಡಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ನಮ್ಮ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ತರ್ತೀವಲ್ಲ, ಆ ನೀರಿಗೆ ಮೀಟರ್ ಅದ್ದಿ ನೋಡ್ರಿ, ಸೊನ್ನೆ ಬರೋದಿಲ್ಲ. ನಮಗೆ ಕುಡಿಯಾಕ ಒಳ್ಳೇದೇ, ಟ್ಯಾಂಕಿಗೆ ಸಾಲದು. ಉಳಿದಿರೋ ಫಾಸ್ಫೇಟ್, ಸಿಲಿಕೇಟ್ ಇಂಥವು ಸೇರಿ ಗಾಜಿಗೆಲ್ಲಾ ಪಾಚಿ ಹಿಡಿಸ್ತಾವ.

ಮನೆಯ ಆರ್‌ಒ ಮಷಿನ್ ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ಹೊರಗೆ ಬಿಡ್ತದ ಅಂತ ಹಿಡಿಯೋಣ. ಮೊದಲ ಸಲ ತುಂಬಾಕ 150 ಲೀಟರ್ ಬೇಕು, ಅಂದ್ರ 450 ಲೀಟರ್ ಮೋರಿಗೆ. ವಾರಕ್ಕೊಮ್ಮೆ 20 ಲೀಟರ್ ನೀರು ಬದಲಿಸಬೇಕು, ಅದಕ್ಕೆ 60 ಲೀಟರ್ ಮೋರಿಗೆ. ಹದಿನೈದು ದಿನಕ್ಕೊಮ್ಮೆ ನಳ ಬರೋ ಓಣಿಯಲ್ಲಿ ಇದನ್ನ ನಿಮ್ಮ ಅವ್ವಗ ಹೆಂಗ ವಿವರಿಸ್ತೀರೋ ನಿಮಗ ಬಿಟ್ಟದ್ದು. ಆ ಹೊರಗೆ ಹೋಗೋ ನೀರನ್ನ ಬಟ್ಟೆ, ಪಾತ್ರೆ, ಪಾಯಖಾನೆಗೆ ಬಳಸಿದ್ರ ಮನೆಯಲ್ಲಿ ಜಗಳ ಅರ್ಧ ಕಡಿಮೆ.

ಉಪ್ಪು ಅಂದ ಕೂಡಲೇ ಕಿರಾಣಿ ಅಂಗಡಿಗೆ ಓಡಬ್ಯಾಡ್ರಿ. ಕಡಲಿನ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸುಮಾರು 85 ಪಾಲು. ಉಳಿದ 15 ಪಾಲಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಅಂತ ಒಂದು ದಂಡೇ ಇದೆ. ಅಡಿಗಿ ಉಪ್ಪಿನಲ್ಲಿ ಅವು ಇಲ್ಲ. ಅಕ್ವೇರಿಯಂಗೆ ಅಂತಲೇ ಮಾಡಿದ ಉಪ್ಪು ಬೇಕು, ಲೀಟರಿಗೆ ಸುಮಾರು 35 ಗ್ರಾಂ. 150 ಲೀಟರಿಗೆ ಐದೂಕಾಲು ಕೆಜಿ. ವಾರದ 20 ಲೀಟರಿಗೆ 700 ಗ್ರಾಂ, ವರ್ಷಕ್ಕೆ 36 ಕೆಜಿ ಮೇಲೆ. ಇದು ಒಂದು ಸಲದ ಖರ್ಚಲ್ಲ, ಬಾಡಿಗಿ ಇದ್ದಂಗ. ಟ್ಯಾಂಕಿನ ರೇಟ್ ಕೇಳಿ ಹಿಗ್ಗೋರು ಈ ಬಾಡಿಗಿ ಲೆಕ್ಕ ಹಾಕೋದಿಲ್ಲ.

ಬಕೆಟ್ಟಿನಲ್ಲಿ ಉಪ್ಪು ಕರಗಿಸಿ, ಒಂದು ದಿನ ಪಂಪ್ ಹಚ್ಚಿ ತಿರುಗಿಸಿ, ರಿಫ್ರಾಕ್ಟೋಮೀಟರ್ ಅನ್ನೋ ಸಣ್ಣ ದುರ್ಬೀನಿನಂಥ ಉಪಕರಣದಲ್ಲಿ ನೋಡಬೇಕು. 1.024, 1.025 ಹತ್ರ ಬಂದ್ರ ಸರಿ. ಇಲ್ಲಿ ಹೊಸಬರು ಒಂದು ಕಡೆ ಎಡವ್ತಾರ. ಏಪ್ರಿಲ್ ತಿಂಗಳು, ಗದಗಿನ ಒಣ ಬಿಸಿಲು, ಟ್ಯಾಂಕಿನ ನೀರು ದಿನಕ್ಕೆ ಒಂದೆರಡು ಲೀಟರ್ ಆರಿ ಹೋಗ್ತದ. ಆರೋದು ನೀರು, ಉಪ್ಪು ಅಲ್ಲೇ ಉಳೀತದ. ಹಂಗಾಗಿ ಕಡಿಮೆ ಆದ ನೀರನ್ನ ಉಪ್ಪುನೀರಿನಿಂದ ತುಂಬಬಾರದು, ಸಿಹಿ ಆರ್‌ಒ ನೀರಿನಿಂದಲೇ ತುಂಬಬೇಕು. ಉಪ್ಪುನೀರನ್ನೇ ಹಾಕ್ತಾ ಹೋದ್ರ ಕೆಲವೇ ವಾರದಲ್ಲಿ ಮೀನಿಗೆ ಉಪ್ಪಿನಕಾಯಿ ಭರಣಿ ತಯಾರು.

ಬಿಸಿಲಿನ ಮಾತು ಬಂತು. ನಮ್ಮ ಸಮುದ್ರಗಳಲ್ಲಿ ಸಿಗೋ ಹಿಪ್ಪೊಕ್ಯಾಂಪಸ್ ಕುಡ ಅನ್ನೋ ಜಾತಿಯನ್ನ ಟ್ಯಾಂಕಿನಲ್ಲಿ 24ರಿಂದ 26 ಡಿಗ್ರಿ ಒಳಗೆ ಇಡಬೇಕು ಅಂತ ಅನುಭವಿಗಳು ಹೇಳ್ತಾರ. ನೀರು ಬೆಚ್ಚಗಾದಷ್ಟೂ ವಿಬ್ರಿಯೊ ಅನ್ನೋ ಬ್ಯಾಕ್ಟೀರಿಯಾ ಜೋರಾಗ್ತದ, ಕಡಲಕುದುರೆಯ ಚರ್ಮ, ಬಾಲ ಕೊಳೆಯಾಕ ಶುರುವಾಗ್ತದ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 40ರ ಹತ್ರ. ಮನೆಯೊಳಗೆ ಫ್ಯಾನ್ ಹಾಕಿದ್ರೂ 32, 33. ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ಹಚ್ಚಿದ್ರ ನೀರು ಆರುತ್ತಾ ಎರಡು ಮೂರು ಡಿಗ್ರಿ ಇಳೀತದ, ನಮ್ಮ ಒಣಹವೆಯಲ್ಲಿ ಈ ಉಪಾಯ ಕರಾವಳಿಗಿಂತ ಚಲೋ ಕೆಲಸ ಮಾಡ್ತದ. ಆದ್ರೂ 26ಕ್ಕೆ ಬರೋದಿಲ್ಲ. ಚಿಲ್ಲರ್ ಬೇಕೇ ಬೇಕು.

ಚಿಲ್ಲರ್ 200 ವ್ಯಾಟ್ ಅನ್ಕೊಳ್ರಿ, ದಿನಕ್ಕೆ 12 ತಾಸು ಓಡಿದ್ರ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿ ಇದೆಯಲ್ಲಾ ಅಂತೀರಿ. ಅದರ ಲೆಕ್ಕ 200 ಯೂನಿಟ್ ಎಲ್ಲರಿಗೂ ಫ್ರೀ ಅಂತ ಅಲ್ರಿ. ನಿಮ್ಮ ಮನೆಯ ಹಳೇ ಸರಾಸರಿಯ ಮೇಲೆ ಶೇ 10. ತಿಂಗಳಿಗೆ 60 ಯೂನಿಟ್ ಸುಡ್ತಿದ್ದ ಮನೆಗೆ 66 ಫ್ರೀ. ಚಿಲ್ಲರ್ ಬಂದ ಮೇಲೆ 132 ಆದ್ರ ಉಳಿದ 66ಕ್ಕೆ ಹೆಸ್ಕಾಂ ಬಿಲ್ ಬರ್ತದ. ಪಂಪ್, ಲೈಟ್, ಸ್ಕಿಮ್ಮರ್ ಲೆಕ್ಕ ಇನ್ನೂ ಹಿಡಿದಿಲ್ಲ. ಇನ್ನು ಮಳೆಗಾಲದಲ್ಲಿ ರಾತ್ರಿ ಲೈನ್ ಹೋಗಿ ಮುಂಜಾನೆ ಬಂದ್ರ? ಪಂಪ್ ನಿಂತ ಟ್ಯಾಂಕಿನಲ್ಲಿ ಮೊದಲು ಆಮ್ಲಜನಕ ಇಳೀತದ. ಬ್ಯಾಟರಿಯಲ್ಲಿ ಓಡೋ ಏರ್ ಪಂಪ್ ಒಂದು ಕೈಯಳತೆಯಲ್ಲಿ ಇರಲೇಬೇಕು. ಇದಂತೂ ಯಾವ ಮೀನು ಸಾಕಿದ್ರೂ.

ಬೆಟಗೇರಿ ಮಂದಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮಗ್ಗ ಇರೋ ಮನೆಗಳು ಎಷ್ಟಿಲ್ಲ ಅಲ್ಲಿ? 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಡಲಕುದುರೆಗಳನ್ನ ಒಂದು ತಿಂಗಳು ಗದ್ದಲದ ಟ್ಯಾಂಕಿನಲ್ಲಿ, ಇನ್ನೊಂದಿಷ್ಟನ್ನ ಶಾಂತ ಟ್ಯಾಂಕಿನಲ್ಲಿ ಇಟ್ಟು ನೋಡಿದರು. ಗದ್ದಲದಲ್ಲಿ ಇದ್ದವು ತೂಕ ಕಳಕೊಂಡವು, ಮೈಯಲ್ಲಿ ಒತ್ತಡದ ಹಾರ್ಮೋನು ಏರಿತು. ಅಲ್ಲಿದ್ದದ್ದು ಬರೀ ಅಕ್ವೇರಿಯಂ ಸದ್ದು. ಪವರ್‌ಲೂಮ್ ಪಕ್ಕದ ಗೋಡೆಯಲ್ಲಿದ್ರ ಏನಾಗಬಹುದು ನೀವೇ ಊಹಿಸ್ರಿ.

ಇಷ್ಟೆಲ್ಲಾ ಮಾಡಿದವರೂ ಸೋಲೋದು ಊಟದ ಹತ್ರ. ಕಡಲಕುದುರೆಗೆ ಹಲ್ಲಿಲ್ಲ, ಹೊಟ್ಟೆನೂ ಇಲ್ಲ. ಅಂದ್ರ ನಮ್ಮ ಹಂಗ ತಿಂದದ್ದನ್ನ ಕೂಡಿಟ್ಟು ಅರಗಿಸೋ ಜಠರ ಇಲ್ಲ. ತಿಂದದ್ದು ಸರ್ರನೆ ಹೊರಗೆ ಹೋಗ್ತದ, ಹಂಗಾಗಿ ದಿನಕ್ಕೆ ಎರಡು ಮೂರು ಸಲ ಕೊಡಲೇಬೇಕು. ಅದೂ ಒಣ ಕಾಳು ಹಾಕಿದ್ರ ಬಹಳಷ್ಟು ಕಣ್ಣೆತ್ತಿ ನೋಡೋದಿಲ್ಲ. ಮೈಸಿಸ್ ಅನ್ನೋ ಸಣ್ಣ ಸೀಗಡಿ, ಐಸ್‌ನಲ್ಲಿ ಇಟ್ಟದ್ದು, ಇಲ್ಲಂದ್ರ ಜೀವಂತ. ಬೆಂಗಳೂರಿನಿಂದ ರಾತ್ರಿ ಗಾಡಿಗೆ ಬಂದ ಐಸ್ ಬಾಕ್ಸ್ ಗದಗಿಗೆ ಬರೋ ಹೊತ್ತಿಗೆ ಕರಗಿ ನೀರಾಗಿದ್ರ ಅದನ್ನ ಮತ್ತೆ ಫ್ರೀಜ್ ಮಾಡಿ ಹಾಕೋ ಹಂಗಿಲ್ಲ. ಆರ್ಟೀಮಿಯಾ ಮೊಟ್ಟೆಗಳನ್ನ ಉಪ್ಪುನೀರಿನ ಬಾಟಲಿಯಲ್ಲಿ ಹಾಕಿ ಗಾಳಿ ಬಿಟ್ರ ಒಂದು, ಒಂದೂವರೆ ದಿನದಲ್ಲಿ ಮರಿ ಒಡೀತಾವ. ನೋಡಾಕ ಬಹಳ ಚಂದ, ಆದ್ರ ಬೆಳೆದ ಕಡಲಕುದುರೆಗೆ ಅಷ್ಟರಿಂದಲೇ ಸಾಕಾಗೋದಿಲ್ಲ. ದಿನಾ ಬರೀ ಚುರುಮರಿ ತಿಂದು ಮಗ್ಗ ನೇಯ್ದಂಗ. ಉಳಿದ ಊಟ ತಳದಲ್ಲಿ ಕೊಳೆತು ಅಮೋನಿಯಾ ಆಗ್ತದ. ನಿಧಾನಕ್ಕೆ ತಿನ್ನೋ ಜೀವ ಆದ್ದರಿಂದ ಚುರುಕು ಮೀನುಗಳ ಜೊತೆ ಇಟ್ಟರೆ ಎಲ್ಲಾ ಅವೇ ನುಂಗಿ, ಇದು ಕಂಬ ಹಿಡ್ಕೊಂಡು ನೋಡ್ತಾ ಉಪವಾಸ.

ಹಂಗಂದ್ರ ನಮ್ಮ ದೇಶದಲ್ಲಿ ಯಾರೂ ಸಾಕಿಲ್ಲೇನು? ಸಾಕ್ಯಾರ. ನಮಗೆ ಹತ್ತಿರದ ಗೋವಾದಲ್ಲೇ, ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಿಪ್ಪೊಕ್ಯಾಂಪಸ್ ಕುಡವನ್ನ ಪ್ರಯೋಗಾಲಯದಲ್ಲಿ ಸಾಕಿ ಅಧ್ಯಯನ ಮಾಡಿದ್ದಾರ. ಪಕ್ಕದಲ್ಲೇ ಸಮುದ್ರ, ಸಿಬ್ಬಂದಿ, ಪರವಾನಗಿ ಎಲ್ಲಾ ಇರೋ ಜಾಗ. ಗಂಡು ಕುದುರೆ ತನ್ನ ಚೀಲದಿಂದ ಒಂದೇ ಸಲಕ್ಕೆ ನೂರಾರು ಮರಿ ಹಾಕ್ತದ, ಹೌದು, ಬಸುರಿ ಆಗೋದು ಗಂಡೇ. ಆ ಮರಿಗಳಲ್ಲಿ ಬಹುಪಾಲು ಸಾಯೋದನ್ನ ತಡೆಯೋದು ಅಂಥವರಿಗೂ ವರ್ಷಗಟ್ಟಲೆ ಸಂಶೋಧನೆಯ ಕೆಲಸ.

ಒಬ್ಬ ಗೆಳೆಯ ನನ್ನ ಜೊತೆ ವಾದ ಮಾಡಿದ. "ಹೆಂಗಿದ್ರೂ ಬಲೆಗೆ ಬಿದ್ದು ಸಾಯ್ತಾವ, ನಾ ಎರಡು ತಂದು ಸಾಕಿದ್ರ ಏನು ನಷ್ಟ?" ಅಂತ. ಪ್ರಶ್ನೆ ಸುಮ್ಮನೆ ತಳ್ಳಿಹಾಕೋದಲ್ಲ. ಪ್ರಾಜೆಕ್ಟ್ ಸೀಹಾರ್ಸ್ ಅಂತ ಅಮಾಂಡಾ ವಿನ್ಸೆಂಟ್ ಅನ್ನೋ ವಿಜ್ಞಾನಿ 1996ರಲ್ಲಿ ಕಟ್ಟಿದ ತಂಡ ಇದೆ. ಬೇರೆ ಮೀನಿಗೆ ಬೀಸಿದ ಬಲೆಗೆ ಸಿಕ್ಕು ವರ್ಷಕ್ಕೆ ಸುಮಾರು 3 ಕೋಟಿ 70 ಲಕ್ಷ ಕಡಲಕುದುರೆ ಹೋಗ್ತಾವ ಅಂತ ಅವರ ಅಂದಾಜು. ತಮಿಳುನಾಡಿನ ಕರಾವಳಿಯಲ್ಲಿ ಅಧ್ಯಯನ ಮಾಡಿ, 2001ರ ನಿಷೇಧದಿಂದ ಬಲೆಗೆ ಬೀಳೋದು ನಿಂತಿಲ್ಲ ಅಂತ ಬರೆದವರೂ ಆ ತಂಡದವರೇ. ಅವರ ಮಾತು ನನಗೆ ಸರಿ ಅನಸ್ತದ. ತಳ ಗುಡಿಸೋ ಟ್ರಾಲರ್‌ಗಳನ್ನ ಹತೋಟಿಗೆ ತರದೆ ಪಟ್ಟಿಯಲ್ಲಿ ಹೆಸರು ಬರೆದ್ರ ಮೀನಿಗೆ ಓದಾಕ ಬರೋದಿಲ್ಲ. ಆದ್ರ ಗೆಳೆಯನ ವಾದ ಎಡವೋದು ರೇಟಿನಲ್ಲಿ. ಬಲೆಗೆ ಬಿದ್ದದ್ದು ಜೀವಂತ ಇದ್ರ ಮೀನುಗಾರ ವಾಪಸ್ ನೀರಿಗೆ ಎಸೀಬಹುದು. ಅದಕ್ಕೆ ಮುಂಡರಗಿಯ ಒಬ್ಬ ಹುಡುಗ ಸಾವಿರಗಟ್ಟಲೆ ಕೊಡ್ತಾನ ಅಂತ ಗೊತ್ತಾದ ದಿನ ಎಸೆಯೋ ಕೈ ತಡೀತದ. ಒಣಗಿಸಿ ಕದ್ದು ಸಾಗಿಸೋ ಧಂಧೆ ನಿಂತಿರೋದೇ ಈ ಲೆಕ್ಕದ ಮೇಲೆ, ನಾವು ಜೀವಂತದ್ದಕ್ಕೂ ಒಂದು ಮಾರ್ಕೆಟ್ ಮಾಡಿಕೊಡೋದ್ಯಾಕ?

ಸರಿ. ಕಾಗದದ ಮೇಲಿನ ಆ 150 ಲೀಟರ್ ಟ್ಯಾಂಕ್ ಖಾಲಿ ನಿಂತಿದೆ. ಅದರೊಳಗೆ ಯಾರನ್ನ ಬಿಡೋಣ?

ನನ್ನ ಕೇಳಿದ್ರ ಕ್ಲೌನ್‌ಫಿಶ್. ನೆಮೋ ಸಿನಿಮಾದ ಕಿತ್ತಳೆ-ಬಿಳಿ ಪಟ್ಟೆ ಮೀನು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನ ಹ್ಯಾಚರಿಯಲ್ಲೇ ಮರಿ ಮಾಡಿಸೋ ವಿಧಾನ ರೂಢಿಸಿ ವರ್ಷಗಳಾದವು. ಹಂಗಾಗಿ ಸಮುದ್ರಕ್ಕೆ ಕೈ ಹಾಕದೆ ಸಿಗೋ ಮೀನು. ಕಾಳು ತಿಂತದ, 27, 28 ಡಿಗ್ರಿ ತಡಕೊಳ್ತದ, ಚಿಲ್ಲರ್ ಮೇಲಿನ ಭಾರ ಇಳೀತದ. ಇದರ ಸಂಸಾರವೂ ಕಡಲಕುದುರೆಗಿಂತ ಕಡಿಮೆ ವಿಚಿತ್ರ ಅಲ್ಲ. ಹುಟ್ಟೋದೆಲ್ಲಾ ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗ್ತದ, ಅದು ಸತ್ರ ಅದರ ಗಂಡ ಹೆಣ್ಣಾಗ್ತಾನ. ಸಿನಿಮಾದವರು ಇದನ್ನ ಮಕ್ಕಳಿಗೆ ಹೇಳಲಿಲ್ಲ ನೋಡ್ರಿ. ಕೊಳ್ಳೋವಾಗ ಹ್ಯಾಚರಿಯದ್ದೋ ಸಮುದ್ರದ್ದೋ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ರಿ.

ಕಲ್ಲಿನ ವಿಷಯದಲ್ಲೂ ಹುಷಾರು. ಲೈವ್ ರಾಕ್ ಅಂತ ಹವಳದ ತುಂಡು ಮಾರ್ತಾರ. ಬಂಡೆ ಕಟ್ಟೋ ಹವಳಗಳಿಗೂ ಅದೇ 1972ರ ಕಾಯ್ದೆಯ ರಕ್ಷಣೆ ಇದೆ, ಸತ್ತ ಹವಳಕ್ಕೂ. ಸೆರಾಮಿಕ್ ಕಲ್ಲು ತರ್ರಿ, ಕೆಲಸ ಅದೇ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಬೇಕು: ಒಂದು ಜಾತಿ ಅಮೋನಿಯಾವನ್ನ ನೈಟ್ರೈಟ್ ಮಾಡ್ತದ, ಇನ್ನೊಂದು ನೈಟ್ರೈಟನ್ನ ನೈಟ್ರೇಟ್ ಮಾಡ್ತದ. ಮೊದಲೆರಡೂ ಮೀನಿಗೆ ವಿಷ, ಮೂರನೇದನ್ನ ವಾರದ ನೀರು ಬದಲಾವಣೆಯಲ್ಲಿ ಹೊರಗೆ ಹಾಕ್ತೀವಿ. ಈ ಬ್ಯಾಕ್ಟೀರಿಯಾ ನೆಲೆಯೂರಾಕ ನಾಲ್ಕರಿಂದ ಆರು ವಾರ. ಅಲ್ಲಿತನಕ ಟ್ಯಾಂಕಿನಲ್ಲಿ ಒಂದು ಮೀನೂ ಇರಬಾರದು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ಮೇಲೆ ಮೀನು. ಮನೆಗೆ ಬಂದ ನೆಂಟರೆಲ್ಲಾ "ಬರೀ ನೀರು ಇಟ್ಕೊಂಡೀರಲ್ಲಾ" ಅಂತಾರ, ಅನ್ನಲಿ ಬಿಡ್ರಿ.

ಇದನ್ನ ಹವ್ಯಾಸಕ್ಕಿಂತ ಮುಂದಕ್ಕೆ ಒಯ್ಯೋ ಆಸೆ ಇದ್ದವರಿಗೆ ಒಂದು ಸುದ್ದಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ಅಂತ ಹಿಡಿದು, ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟಿದ್ದಾರ. ಈ ವರ್ಷದ ಅರ್ಜಿ ಬಗ್ಗೆ ಗದಗಿನ ಮೀನುಗಾರಿಕೆ ಇಲಾಖೆಯಲ್ಲೇ ಹೋಗಿ ಕೇಳ್ರಿ. ನನ್ನ ಸಲಹೆ ಏನಂದ್ರ ಸಿಹಿನೀರಿನ ಗಪ್ಪಿ, ಮೋಲಿಯಿಂದ ಶುರು ಮಾಡ್ರಿ, ಅವು ನಮ್ಮ ಗಡಸು ನೀರನ್ನ ಇಷ್ಟಪಡ್ತಾವ. ಬೋರ್ ನೀರು ಶಾಪ ಅಂತೀವಿ, ಮೋಲಿಗೆ ಅದೇ ವರ.

ಕಡಲಕುದುರೆಯನ್ನೇ ನೋಡಬೇಕು ಅನ್ನೋರು ಸಮುದ್ರಕ್ಕೆ ಹೋಗ್ರಿ. ಹುಬ್ಬಳ್ಳಿ, ಯಲ್ಲಾಪುರ ದಾಟಿದ್ರ ಅಂಕೋಲಾ, ಅಲ್ಲಿಂದ ದಕ್ಷಿಣಕ್ಕೆ ಮುರ್ಡೇಶ್ವರ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರ್ಕೊಂಡು ಹೋಗ್ತಾರ. ಸಿಕ್ಕೇ ಸಿಗ್ತದ ಅಂತ ನಾ ಮಾತು ಕೊಡೋದಿಲ್ಲ. ಸಿಕ್ಕರೆ ಮುಟ್ಟದೆ ಒಂದು ಫೋಟೋ ತೆಗೆದು ಐಸೀಹಾರ್ಸ್‌ಗೆ ಹಾಕ್ರಿ, ಜಗತ್ತಿನಲ್ಲಿ ಯಾರೇ ಎಲ್ಲೇ ಕಡಲಕುದುರೆ ಕಂಡ್ರೂ ದಾಖಲಿಸಾಕ ಪ್ರಾಜೆಕ್ಟ್ ಸೀಹಾರ್ಸ್ ಮಾಡಿದ ವ್ಯವಸ್ಥೆ ಅದು. ದಾರಿಯಲ್ಲಿ ಅಘನಾಶಿನಿ ಅಳಿವೆ ಸಿಗ್ತದ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಅಘನಾಶಿನಿ ಸೇರಿದಾಗ ಅದರ ಜೊತೆಗೇ ಸೇರಿದ್ದು ಯಾವುದು ಗೊತ್ತಾ? ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳನ್ನ ನೋಡಾಕ ಚಿಲ್ಲರ್ ಬೇಕಾಗಿಲ್ಲ, ಚಳಿಗಾಲದ ಮುಂಜಾನೆ ಒಂದು ಬೈಕ್ ಇದ್ರ ಸಾಕು. ಲಕ್ಷ್ಮೇಶ್ವರದವರಿಗಂತೂ ಮಗ್ಗುಲಲ್ಲೇ.

ಮುಂಡರಗಿ ತಮ್ಮಾ, ನಿನಗ ಒಂದು ಕೆಲಸ. ಟ್ಯಾಂಕ್ ಕೊಳ್ಳೋ ಮೊದಲು ಒಂದು ಟಿಡಿಎಸ್ ಮೀಟರ್ ಕೊಂಡು, ನಿಮ್ಮ ಮನೆಯ ನಳ, ಬೋರ್, ಆರ್‌ಒ ಘಟಕ ಮೂರೂ ನೀರನ್ನ ಅಳೆದು ಫೋಟೋ ಕಳಿಸು. ಲಕ್ಷ್ಮೇಶ್ವರ, ಶಿರಹಟ್ಟಿಯವರೂ ಕಳಿಸ್ರಿ. ಮುಂದಿನ ವಾರ ಆ ಅಂಕಿ ಇಟ್ಕೊಂಡೇ ಮಾತಾಡೋಣ, ಮೀನಿಗೆ ಮಾತ್ರ ಅಲ್ಲ, ನಾವು ಕುಡಿಯೋದೂ ಅದೇ ನೀರು ನೋಡ್ರಿ.